ಮೌಲ್ಯದ ರೂಪವೂ ಅದರ ಪರೀಕ್ಷೆಯೂ

ಅನೇಕ ಗಣಕಯಂತ್ರಗಳಲ್ಲಿ ತಂತ್ರಾಂಶವನ್ನು ಒಮ್ಮೆಗೇ ನೆಲೆಗೊಳಿಸುವ ಸಾಧನಗಳಲ್ಲಿ, 2012ರಲ್ಲಿ ಹೊರಬಂದ ಆನ್ಸಿಬಲ್ ಪ್ರಸಿದ್ಧವಾದುದು. ಅದಕ್ಕೆ ಬೇಕಾದ ಮೌಲ್ಯಗಳನ್ನು ‘ಯಾಮಲ್’ ಎಂಬ ಸರಳ ಬರವಣಿಗೆಯ ಕ್ರಮದಲ್ಲಿ ಕೊಡುತ್ತಾರೆ. ಈ ಸರಳತೆಯಲ್ಲಿಯೇ ಒಂದು ಅಪಾಯವಡಗಿದೆ.

ಲಿನಕ್ಸ್ ವ್ಯವಸ್ಥೆಯಲ್ಲಿ ಕಡತದ ಒಡೆಯನು ಓದಲೂ ಬರೆಯಲೂ ಬಹುದು, ಉಳಿದವರು ಓದಬಹುದಷ್ಟೆ ಎಂಬುದನ್ನು 0644 ಎಂದು ಸೂಚಿಸುವರು. ಇದು ಅಷ್ಟಮಾನ ಪದ್ಧತಿಯ ಸಂಖ್ಯೆ. ಮೊದಲ ಸೊನ್ನೆಯನ್ನು ಬಿಟ್ಟು, ಉದ್ಧರಣ ಚಿಹ್ನೆಯನ್ನೂ ಹಾಕದೆ, 644 ಎಂದು ಬರೆದರೆ ಯಂತ್ರವು ಅದನ್ನು ದಶಮಾನದ ಸಂಖ್ಯೆಯೆಂದು ಗ್ರಹಿಸುತ್ತದೆ. ಅಷ್ಟಮಾನದಲ್ಲಿ ಅದು 1204. ಆಗ ಒಡೆಯನಿಗೆ ಬರೆಯುವ ಹಕ್ಕುಂಟು, ಓದುವ ಹಕ್ಕಿಲ್ಲ; ಅವನ ಬಳಗಕ್ಕೆ ಯಾವ ಹಕ್ಕೂ ಇಲ್ಲ; ಓದುವ ಅವಕಾಶ ಹೊರಗಿನವರಿಗೆ ಮಾತ್ರ! 644 ಎಂಬುದೂ ಸಾಧುವಾದ ಸಂಖ್ಯೆಯೇ ಆದುದರಿಂದ ತಪ್ಪು ಸುಲಭವಾಗಿ ಕಣ್ಣಿಗೆ ಬೀಳದು.

ಇದಕ್ಕೆ ಪರಿಹಾರ ಎರಡು. ಮೊದಲನೆಯದು, ಉದ್ಧರಣ ಚಿಹ್ನೆಯೊಳಗೆ ‘0644’ ಎಂದೇ ಬರೆಯುವುದು. ಎರಡನೆಯದು, ಕಾರ್ಯಕ್ಕೆ ಮುನ್ನ ಪರೀಕ್ಷಿಸುವುದು. ‘ಅಸರ್ಟ್’ ಎಂಬ ಅಂಗವು ಮೌಲ್ಯವು ನಿಯಮಕ್ಕೆ ಹೊಂದುವುದೇ ಎಂದು ನೋಡುತ್ತದೆ. 2021ರ 2.11ನೆಯ ಆವೃತ್ತಿಯಿಂದ ಈಚೆಗೆ, ‘ರೋಲ್’ ಎಂಬ ಪ್ರತಿಯೊಂದು ಕಾರ್ಯಗುಚ್ಛಕ್ಕೂ ಯಾವ ಮೌಲ್ಯ ಕಡ್ಡಾಯ, ಯಾವುವು ಸಲ್ಲತಕ್ಕವು ಎಂಬುದನ್ನು ಮೊದಲೇ ವಿಧಿಸಿಡಬಹುದು. ಹೊಂದದಿದ್ದರೆ ಕೆಲಸವು ಅಲ್ಲಿಗೇ ನಿಲ್ಲುತ್ತದೆ.

ಚೆಕ್ಕಿನ ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿಸುವ ಪದ್ಧತಿಯ ಇಂಗಿತವೂ ಇದೇ: ಹಣವು ಕೈಬಿಡುವ ಮುನ್ನವೇ ತಪ್ಪು ಸಿಕ್ಕಿಬೀಳಬೇಕು.