ಲಕ್ಷ ಸಾಲಿನಲ್ಲಿ ಒಂದು ಸಾಲು

ಪ್ರಶ್ನೆ: ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ‘ಲಾಗ್ ನೋಡ್ತಿದೀನಿ’ ಅನ್ನುತ್ತಾನೆ. ಅಷ್ಟೂ ಸಾಲನ್ನು ಕಣ್ಣಲ್ಲೇ ಓದುತ್ತಾರೆಯೇ?
– ಓದುಗರೊಬ್ಬರು, ಹಂದನಕೆರೆ

ಉತ್ತರ: ಇಲ್ಲ. ಅದಕ್ಕೆ ‘ಗ್ರೆಪ್’ ಎಂಬ ಪುಟ್ಟ ತಂತ್ರಾಂಶವಿದೆ. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದದ್ದು, 1973ರಿಂದ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿದೆ.

ನಿಮ್ಮ ತಿಪಟೂರಿನ ಕೊಬ್ಬರಿ ಹರಾಜು ಈಗ ಆನ್‌ಲೈನ್ ಅಲ್ಲವೇ? ಅಂಥ ವ್ಯವಸ್ಥೆಗಳಲ್ಲಿ ನಡೆದದ್ದೆಲ್ಲ ಸಮಯದ ಸಮೇತ ಸಾಲುಸಾಲಾಗಿ ದಾಖಲಾಗುತ್ತದೆ; ಅದೇ ಲಾಗ್. ದೂರು ಬಂದರೆ ಗ್ರೆಪ್‌ಗೆ ಲಾಟ್ ಸಂಖ್ಯೆ ಕೊಟ್ಟರಾಯಿತು, ಆ ಸಂಖ್ಯೆಯಿರುವ ಸಾಲುಗಳಷ್ಟೇ ತೆರೆಗೆ ಬರುತ್ತವೆ. ‘-ವಿ’ ಸೇರಿಸಿದರೆ ಬೇಡದ ಸಾಲು ಹೊರಗೆ. ನನ್ನ ಮಟ್ಟಿಗೆ ದೊಡ್ಡಕ್ಷರದ ‘-ಸಿ’ ಎಲ್ಲಕ್ಕಿಂತ ಉಪಯುಕ್ತ: ಸಿಕ್ಕ ಸಾಲಿನ ಹಿಂದುಮುಂದಿನವನ್ನೂ ಅದು ತೋರಿಸುತ್ತದೆ. ತಪ್ಪಿನ ಕಾರಣ ಎಷ್ಟೋ ಸಲ ಹಿಂದಿನ ಸಾಲಿನಲ್ಲೇ ಇರುತ್ತದೆ.

ಲಿನಕ್ಸ್, ಮ್ಯಾಕ್ ಕಂಪ್ಯೂಟರುಗಳಲ್ಲಿ ಗ್ರೆಪ್ ಮೊದಲೇ ಇರುತ್ತದೆ. ಮಗ ಊರಿಗೆ ಬಂದಾಗ ಮಾಡಿ ತೋರಿಸಲು ಹೇಳಿ.