ಮೂರು ತಾಲ್ಲೂಕು, ನಿಂತ ಪೆನ್ನಿಗೆ ಮೂರು ಮದ್ದು

ಗೋಪಾಲಕೃಷ್ಣ ಅಡಿಗರ ಮೊದಲ ಕವನ ಸಂಕಲನ ‘ಭಾವತರಂಗ’ ಬಂದದ್ದು 1946ರಲ್ಲಿ. ಅಲ್ಲಿಂದ 1959ರ ‘ಭೂಮಿಗೀತ’ದವರೆಗಿನ 13 ವರ್ಷಗಳಲ್ಲಿ ಐದು ಸಂಕಲನಗಳು ಹೊರಬಂದವು. ಆಮೇಲಿನ 13 ವರ್ಷ ಒಂದೂ ಇಲ್ಲ. ‘ವರ್ಧಮಾನ’ ಓದುಗರ ಕೈಗೆ ಸಿಕ್ಕಿದ್ದು 1972ರಲ್ಲಿ. ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದ ಕವಿಯ ಪುಸ್ತಕಗಳ ಪಟ್ಟಿಯಲ್ಲೇ ಇಷ್ಟು ದೊಡ್ಡ ಖಾಲಿ ಜಾಗ ಇದೆ. ಎರಡು ವಾರದಿಂದ ಒಂದು ಸಾಲೂ ಹೊಳೆದಿಲ್ಲ ಎಂದು ಕೊರಗುವವರು ಒಮ್ಮೆ ಅದನ್ನು ನೋಡಬೇಕು.

ಅಡಿಗರು ಹುಟ್ಟಿದ ಮೊಗೇರಿ ಬೈಂದೂರು ತಾಲ್ಲೂಕಿನ ಊರು. ಅಲ್ಲಿಂದ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಬಂದರೆ ವೈದೇಹಿಯವರ ಕುಂದಾಪುರ. ಇನ್ನಷ್ಟು ಮುಂದೆ ಬ್ರಹ್ಮಾವರ ತಾಲ್ಲೂಕಿನಲ್ಲಿ ಶಿವರಾಮ ಕಾರಂತರ ಕೋಟ. ಮೂವರ ಬರವಣಿಗೆಯ ರೀತಿ ಒಂದಕ್ಕೊಂದು ತಾಳೆಯಾಗುವಂಥದ್ದಲ್ಲ. ಒಬ್ಬರು ಪ್ರವಾಹದಂತೆ ಬರೆದವರು, ಒಬ್ಬರು ತಡೆತಡೆದು ಬರೆದವರು, ಇನ್ನೊಬ್ಬರು ಮನೆವಾರ್ತೆಯ ನಡುವೆ ಬಿಡುವು ಮಾಡಿಕೊಂಡು ಬರೆದವರು. ಆದರೂ ಬರವಣಿಗೆ ಕಟ್ಟಿಕೊಂಡಾಗ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಅವರ ಬದುಕಿನ ಮುಂದಿಟ್ಟರೆ ಮೂರೂ ಕಡೆಯಿಂದ ಒಂದೇ ದಿಕ್ಕಿನ ಉತ್ತರ ಬರುತ್ತದೆ: ಖಾಲಿ ಹಾಳೆಯನ್ನು ದಿಟ್ಟಿಸುತ್ತ ಕೂರಬೇಡ, ಪಕ್ಕದ ಕೆಲಸಕ್ಕೆ ಕೈ ಹಾಕು, ಬಾಯಿ ಮತ್ತು ಕಿವಿಯನ್ನು ತೆರೆದಿಡು.

ಮೊಗೇರಿ: ಬರಗಾಲವೂ ವಸ್ತುವೇ

ಆ 13 ವರ್ಷ ಅಡಿಗರು ಸುಮ್ಮನೆ ಕೂತಿರಲಿಲ್ಲ. 1962ರಲ್ಲಿ ‘ಸಾಕ್ಷಿ’ ಪತ್ರಿಕೆ ಆರಂಭಿಸಿದರು. ಕನ್ನಡದ ನವ್ಯ ಬರಹಗಾರರ ಒಂದು ಇಡೀ ತಲೆಮಾರು ಅದರ ಪುಟಗಳಲ್ಲಿ ಬರೆಯಿತು, ಜಗಳವಾಡಿತು, ಬೆಳೆಯಿತು. ಸಾಗರದ ಲಾಲ್ ಬಹಾದ್ದೂರ್ ಕಾಲೇಜಿನಲ್ಲೂ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲೂ ಪ್ರಾಂಶುಪಾಲರಾಗಿದ್ದರು. 1971ರಲ್ಲಿ ಬೆಂಗಳೂರಿನಿಂದ ಲೋಕಸಭಾ ಚುನಾವಣೆಗೂ ನಿಂತರು. ನಡುನಡುವೆ ಬಿಡಿ ಪದ್ಯಗಳು ಹುಟ್ಟುತ್ತಲೇ ಇದ್ದವು. ಅವು ಪುಸ್ತಕವಾಗಿ ಕೂಡಿಬರಲು ಕಾಲ ಹಿಡಿಯಿತು. ಹಾಗೆ ಕೂಡಿಬಂದ ‘ವರ್ಧಮಾನ’ಕ್ಕೆ 1974ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅಡಿಗರ ‘ಕೂಪಮಂಡೂಕ’ ಕವಿತೆಯನ್ನು ಸೃಜನಶೀಲತೆ ಬತ್ತಿದ ಕವಿಯ ತಳಮಳವಾಗಿ ಓದಿದ ವಿಮರ್ಶಕರಿದ್ದಾರೆ. ಹಾಗೆ ಓದಿದರೆ ಬರೆಯಲಾಗದ ಸ್ಥಿತಿಯೇ ಅಲ್ಲಿ ದೊಡ್ಡ ಪದ್ಯವಾಗಿದೆ. ಹೊಸಬರು ಇಲ್ಲಿಂದ ಕಲಿಯಬಹುದಾದ ಮೊದಲ ಉಪಾಯ ಇದೇ. ಏನೂ ಬರುತ್ತಿಲ್ಲ ಎಂದಾದರೆ ಯಾಕೆ ಬರುತ್ತಿಲ್ಲ ಎಂಬುದನ್ನೇ ಒಂದು ಪುಟ ಬರೆಯಿರಿ. ಯಾರ ಮುಖ ನೆನಪಾಗಿ ಕೈ ನಿಂತಿತು, ಯಾವ ಮಾತು ಬರೆದರೆ ಮನೆಯಲ್ಲಿ ರಂಪವಾದೀತು, ಯಾವ ಲೇಖಕನ ನೆರಳು ಹಾಳೆಯ ಮೇಲೆ ಬಿದ್ದಿದೆ ಎಂದು ಹೆಸರಿಟ್ಟು ಬರೆಯಿರಿ. ಆ ಪುಟವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಕಟ್ಟು ಎಲ್ಲಿ ಬಿದ್ದಿದೆಯೆಂದು ನಿಮಗೆ ಗೊತ್ತಾದರೆ ಸಾಕು.

ಕೋಟ: ಒಂದು ಕೆಲಸ ನಿಂತರೆ ಇನ್ನೊಂದು

1902ರಿಂದ 1997ರವರೆಗೆ, 95 ವರ್ಷ ಬದುಕಿದ ಕಾರಂತರು ಬರೆದ ಕಾದಂಬರಿಗಳೇ 40ಕ್ಕೂ ಹೆಚ್ಚು. ಕಾದಂಬರಿಯನ್ನು ದಿನಗಳ ಲೆಕ್ಕದಲ್ಲಿ ಮುಗಿಸುತ್ತಿದ್ದರು ಎಂಬುದು ಪ್ರಸಿದ್ಧ. ಇದನ್ನು ಕೇಳಿದ ಹೊಸ ಬರಹಗಾರನಿಗೆ ಹುರುಪಿಗಿಂತ ಹೆದರಿಕೆಯಾಗುವುದೇ ಹೆಚ್ಚು. ಆದರೆ ಅವರ ಪುಸ್ತಕಗಳ ಸಂಖ್ಯೆಯನ್ನು ಬಿಟ್ಟು ಬಗೆಗಳನ್ನು ನೋಡಿದರೆ ಗುಟ್ಟು ಕಾಣುತ್ತದೆ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, ಒಂದು ಅರ್ಥಕೋಶ, ನಾಟಕ, ಪ್ರವಾಸ ಕಥನ, ಆತ್ಮಕಥೆ, ಕಲೆಯ ಚರಿತ್ರೆ. 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ಕಾದಂಬರಿಯಲ್ಲ, ಊರೂರು ತಿರುಗಿ ಅಧ್ಯಯನ ಮಾಡಿ ಬರೆದ ‘ಯಕ್ಷಗಾನ ಬಯಲಾಟ’. ‘ಮೂಕಜ್ಜಿಯ ಕನಸುಗಳು’ ಪ್ರಕಟವಾದ 1968ರ ಹೊತ್ತಿಗೆ ಅವರಿಗೆ 60 ದಾಟಿತ್ತು. 1977ರ ಜ್ಞಾನಪೀಠ ಬಂದದ್ದು ಆ ಕಾದಂಬರಿಗೆ.

ಕಥೆ ಹೊಳೆಯದ ದಿನ ಮಾಹಿತಿ ಬರೆಯಬಹುದು, ಮಾಹಿತಿ ಬೇಸರವಾದ ದಿನ ಕುಣಿತ ಕಲಿಸಬಹುದು, ಕುಣಿತ ಮುಗಿದ ಮೇಲೆ ಘಟ್ಟ ಹತ್ತಬಹುದು. ಒಂದೇ ಒಂದು ಮಹಾಕೃತಿಗೆ ಬದುಕನ್ನೆಲ್ಲ ಅಡವಿಟ್ಟವರಿಗೆ ಇಂಥ ದಾರಿ ಇರುವುದಿಲ್ಲ. ಅದು ನಿಂತರೆ ಎಲ್ಲವೂ ನಿಂತಂತೆ. ಹಾಗಾಗಿ ಕೈಯಲ್ಲಿ ಯಾವಾಗಲೂ ಎರಡು ಬಗೆಯ ಬರವಣಿಗೆ ಇರಲಿ. ಒಂದು ನಿಮ್ಮ ಕಲ್ಪನೆಯದು. ಇನ್ನೊಂದು ಹೊರಗಿನ ಜಗತ್ತಿನದು: ಊರ ದೈವಸ್ಥಾನದ ಚರಿತ್ರೆಯೋ, ಹಳೆ ಹಂಚಿನ ಕಾರ್ಖಾನೆಯ ಕಥೆಯೋ, ಹಿತ್ತಿಲಿಗೆ ಬರುವ ಹಕ್ಕಿಗಳ ಪಟ್ಟಿಯೋ. ಎರಡನೆಯದಕ್ಕೆ ಸ್ಫೂರ್ತಿ ಬೇಡ, ಚಪ್ಪಲಿ ಮೆಟ್ಟಿ ಹೊರಟರೆ ಸಾಕು.

ಇನ್ನೊಂದು ಸಂಗತಿ. ಸಾಲಿಗ್ರಾಮದಲ್ಲಿ ನೆಲೆಸಿದ್ದ ಕೊನೆಯ ದಶಕಗಳಲ್ಲಿ ಕಾರಂತರು ಹೇಳುತ್ತಿದ್ದರು, ಅವರ ಸಹಾಯಕಿ ಮಾಲಿನಿ ಮಲ್ಯ ಬರೆದುಕೊಳ್ಳುತ್ತಿದ್ದರು. ಎದುರಿಗೆ ಕೇಳುವ ಒಂದು ಜೀವ ಕೂತಿರುವಾಗ ಒಂದೇ ವಾಕ್ಯವನ್ನು ಹತ್ತು ಸಲ ಹೊಡೆದು ಹಾಕುತ್ತ ಕೂರಲು ಆಗುವುದಿಲ್ಲ. ಮಾತು ಮುಂದಕ್ಕೇ ಹೋಗಬೇಕು.

ಕುಂದಾಪುರ: ಕೇಳಿಸಿಕೊಂಡವರ ಕಥೆ

1945ರಲ್ಲಿ ಕುಂದಾಪುರದಲ್ಲಿ ಹುಟ್ಟಿ, ಅಲ್ಲಿನ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಬಿ.ಕಾಂ. ಓದಿದ ಜಾನಕಿ, ವೈದೇಹಿ ಎಂಬ ಹೆಸರಿನಲ್ಲಿ ಬರೆಯತೊಡಗಿದ್ದರ ಹಿಂದೆ ಒಂದು ಅಳುಕಿನ ಕಥೆಯಿದೆ. ವಾರಪತ್ರಿಕೆಗೆ ಕಳಿಸಿದ ಬರಹ ನಿಜ ಸಂಗತಿಯದು, ಹಾಕಬೇಡಿ ಎಂದು ಕೇಳಿಕೊಂಡಾಗ ಸಂಪಾದಕರು ಲೇಖಕಿಯ ಹೆಸರು ಬದಲಿಸಿ ಅಚ್ಚು ಮಾಡಿದರು. ಆ ಹೆಸರೇ ನಿಂತಿತು. ಬರೆದರೆ ಮನೆಯವರು ಏನೆಂದಾರು ಎಂಬ ಭಯ ಇಂದಿಗೂ ಸಣ್ಣ ಊರುಗಳಲ್ಲಿ ಎಷ್ಟೋ ಕಥೆಗಳನ್ನು, ಹೆಂಗಸರ ಕಥೆಗಳನ್ನಂತೂ, ಗಂಟಲಲ್ಲೇ ನಿಲ್ಲಿಸುತ್ತದೆ. ಹೆಸರು, ಊರು, ನೆಂಟಸ್ತಿಕೆ ಬದಲಿಸಿ ಬರೆಯುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಯಾವುದನ್ನು ಹೊರಗೆ ಬಿಡುವುದು, ಯಾವುದನ್ನು ಡಬ್ಬಿಯಲ್ಲೇ ಇಡುವುದು ಎಂಬ ತೀರ್ಮಾನ ಬರೆದು ಮುಗಿದ ಮೇಲಿನ ಮಾತು.

ವೈದೇಹಿಯವರ ಮೊದಲ ಸಂಕಲನ ‘ಮರ ಗಿಡ ಬಳ್ಳಿ’ 1979ರದು. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಈ 30 ವರ್ಷಗಳಲ್ಲಿ ಅವರು ಸ್ವಂತ ಕಥೆ, ಕವಿತೆ, ಪ್ರಬಂಧ, ಮಕ್ಕಳ ನಾಟಕಗಳ ಜೊತೆಗೆ ಇತರರ ನೆನಪುಗಳನ್ನೂ ಅಕ್ಷರಕ್ಕಿಳಿಸಿದರು. ರಂಗಕರ್ಮಿ ಬಿ.ವಿ. ಕಾರಂತರ ಆತ್ಮಕಥೆ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ ಓದುಗರಿಗೆ ಸಿಕ್ಕಿದ್ದು ಅವರ ನಿರೂಪಣೆಯಲ್ಲಿ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪುಗಳೂ ಹಾಗೆಯೇ.

ನಿಮ್ಮದೇ ಕಥೆ ಹತ್ತದಿದ್ದರೆ ಇದನ್ನು ಪ್ರಯತ್ನಿಸಿ. ಮನೆಯ ಹಿರಿಯರ ಪಕ್ಕ ಕೂತು ‘ಆ ನೆರೆ ಬಂದ ವರ್ಷ ಎಂತ ಆಯ್ತ್ ಹೇಳಿ ಕಾಂಬ’ ಎಂದು ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಇನ್ನೊಬ್ಬರ ಮಾತಿನ ಓಟ, ನಿಲುಗಡೆ, ಹಾರಿಸಿಬಿಟ್ಟ ಜಾಗ ಎಲ್ಲವೂ ಆಗ ಕೈಗೆ ಅಭ್ಯಾಸವಾಗುತ್ತದೆ.

ನಾಲಿಗೆಗೆ ಬಂದದ್ದು ಹಾಳೆಗೆ ಯಾಕೆ ಬರದು?

ಈ ಕರಾವಳಿಯಲ್ಲಿ ಮಾತಿಗೆ ಬರವಿಲ್ಲ. ತಾಳಮದ್ದಳೆಯಲ್ಲಿ ಭಾಗವತರು ಪ್ರಸಂಗದ ಪದ್ಯ ಹೇಳಿದೊಡನೆ ಅರ್ಥಧಾರಿ ಬಾಯಿಪಾಠದ ಸಂಭಾಷಣೆ ಇಲ್ಲದೆಯೇ ಗಂಟೆಗಟ್ಟಲೆ ವಾದ ಹೂಡುತ್ತಾನೆ. ನವರಾತ್ರಿಯ ಹೊತ್ತಿಗೆ ಹೂವಿನಕೋಲು ಹಿಡಿದು ಮನೆಮನೆಗೆ ಹೋಗುವ ಮಕ್ಕಳು ಪ್ರಸಂಗದ ಮಾತು ಆಡಿ ತೋರಿಸುವುದು ಇಲ್ಲಿನ ಹಳೆಯ ಸಂಪ್ರದಾಯ. ಅದೇ ಮಗು ದೊಡ್ಡದಾಗಿ ಪೆನ್ನು ಹಿಡಿದರೆ ತಡವರಿಸುತ್ತದೆ. ಮನೆಯಲ್ಲಿ ‘ಅಜ್ಜಿ ಬಾವಿಕಟ್ಟಿ ಹತ್ರ ನಿತ್ಕಂಡಿತ್’ ಎಂದು ಸಲೀಸಾಗಿ ಹೇಳಿದವನು ಹಾಳೆಯ ಮೇಲೆ ‘ವೃದ್ಧೆಯು ಕೂಪದ ಸನಿಹದಲ್ಲಿ’ ಎಂದು ಶುರುಮಾಡಿ ಅಲ್ಲೇ ಸಿಕ್ಕಿಬೀಳುತ್ತಾನೆ.

ಅಮೆರಿಕದ ಮೈಕ್ ರೋಸ್ ಎಂಬ ಅಧ್ಯಾಪಕ 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳನ್ನು ಗಮನಿಸಿದ್ದ. ಬರೆಯಲಾಗದೆ ಒದ್ದಾಡುತ್ತಿದ್ದ ಐವರಿಗೆ ಪ್ರತಿಭೆಯ ಕೊರತೆ ಇರಲಿಲ್ಲ. ಮೊದಲ ವಾಕ್ಯವೇ ಓದುಗನನ್ನು ಹಿಡಿಯಬೇಕು ಎಂಬಂಥ ಬಿಗಿ ನಿಯಮಗಳನ್ನು ತಲೆಯಲ್ಲಿ ಇಟ್ಟುಕೊಂಡಿದ್ದರು. ಸರಾಗವಾಗಿ ಬರೆಯುತ್ತಿದ್ದವರಿಗೂ ನಿಯಮಗಳಿದ್ದವು, ಆದರೆ ಬೇಡವಾದಾಗ ಬದಿಗಿಡುತ್ತಿದ್ದರು. ನಮ್ಮಲ್ಲಿ ಆ ಬಿಗಿ ನಿಯಮ ಬಹಳ ಸಲ ಪುಸ್ತಕದ ಕನ್ನಡದ ರೂಪದಲ್ಲಿ ಬರುತ್ತದೆ. ಮೊದಲ ಕರಡನ್ನು ಮನೆಮಾತಿನಲ್ಲೇ ಬರೆಯಿರಿ. ಫೋನಿನಲ್ಲಿ ಗೆಳೆಯನಿಗೆ ಹೇಳುವಂತೆ ಹೇಳಿ ಧ್ವನಿಮುದ್ರಿಸಿಕೊಂಡು ಆಮೇಲೆ ಇಳಿಸಿದರೂ ಆದೀತು. ಯಾವುದನ್ನು ಶಿಷ್ಟ ಕನ್ನಡಕ್ಕೆ ತರಬೇಕು, ಯಾವುದನ್ನು ಕುಂದಾಪ್ರ ಕನ್ನಡದಲ್ಲೇ ಉಳಿಸಬೇಕು ಎಂಬುದು ಎರಡನೇ ಕರಡಿನ ಕೆಲಸ. ಕುಂದಾಪ್ರ ಕನ್ನಡ ಸಾಹಿತ್ಯಕ್ಕೆ ಸಾಲದು ಎಂಬ ಸಂಶಯವನ್ನು ವೈದೇಹಿಯವರ ಕಥೆಗಳು ಎಂದೋ ನಿವಾರಿಸಿವೆ.

ಬರವಣಿಗೆಗೂ ಒಂದು ತಿರುಗಾಟ

ಮನಸ್ಸು ಬಂದಾಗ ಬರೆಯುತ್ತೇನೆ ಎನ್ನುವವರ ವಾದವನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಪರೀಕ್ಷೆಗೆ ಒಡ್ಡಿದ್ದ. 1983ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 27 ಮಂದಿ ಅಧ್ಯಾಪಕರನ್ನು ಮೂರು ಗುಂಪು ಮಾಡಲಾಯಿತು. ತುರ್ತಿಲ್ಲದ ಬರವಣಿಗೆಯನ್ನು ದೂರವಿಟ್ಟವರು ದಿನಕ್ಕೆ ಸರಾಸರಿ 0.2 ಪುಟ ಬರೆದರು. ಮನಸ್ಸು ಬಂದಾಗ ಬರೆದವರು 0.9 ಪುಟ, ಮನಸ್ಸಿರಲಿ ಬಿಡಲಿ, ನಿಗದಿಯಾದ ಹೊತ್ತಿಗೆ ಕೂತು ಬರೆಯಲೇಬೇಕಾದವರು 3.2 ಪುಟ. ಹೊಸ ಯೋಚನೆಗಳು ಹೆಚ್ಚು ಬಂದದ್ದೂ ಕೊನೆಯ ಗುಂಪಿಗೇ. ಅಂದರೆ ಬರೆಯುತ್ತಿದ್ದವರಿಗೇ ಹೊಳೆಯಿತು.

ಇದನ್ನು ನಮ್ಮ ಯಕ್ಷಗಾನ ಮೇಳಗಳು ಬಹುಕಾಲದಿಂದ ಬಲ್ಲವು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ಕಲಾವಿದ ನವೆಂಬರಿನಲ್ಲಿ ತಿರುಗಾಟಕ್ಕೆ ಹೊರಟರೆ ಮೇ ತನಕ ರಾತ್ರಿ ರಾತ್ರಿ ಗೆಜ್ಜೆ ಕಟ್ಟುತ್ತಾನೆ. ಇವತ್ತು ಮನಸ್ಸಿಲ್ಲ ಎಂದು ಚೌಕಿಯಲ್ಲಿ ಮಲಗುವ ಹಾಗಿಲ್ಲ. ಮಳೆಗಾಲ ಬಂತೆಂದರೆ ತಿರುಗಾಟಕ್ಕೆ ವಿರಾಮ. ಆಗ ತಾಳಮದ್ದಳೆ, ಓದು, ಹೊಸ ಪ್ರಸಂಗದ ತಯಾರಿ. ವರ್ಷವಿಡೀ ದಿನವೂ ಬರೆಯುತ್ತೇನೆ ಎಂದು ಹೊಸ ವರ್ಷಕ್ಕೆ ಶಪಥ ಮಾಡಿ ಎರಡು ವಾರದಲ್ಲಿ ಮುರಿಯುವುದಕ್ಕಿಂತ ಈ ಕ್ರಮ ಒಳ್ಳೆಯದು.

ಬೀಚಿನ ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ ಮಳೆಗಾಲ ಬಿಡುವು, ಶಾಲೆಯವರಿಗೆ ಏಪ್ರಿಲ್–ಮೇ, ಗದ್ದೆಯಿದ್ದವರಿಗೆ ನಟ್ಟಿ ಮುಗಿದ ಮೇಲೆ. ನಿಮ್ಮ ಕಾಲ ನೀವು ನೋಡಿಕೊಳ್ಳಿ. ಆ ಎರಡು ಮೂರು ತಿಂಗಳು ಹೊತ್ತು ಬದಲಿಸದೆ ಅರ್ಧ ಗಂಟೆ ಬರೆಯಿರಿ. ಉಳಿದ ಕಾಲದಲ್ಲಿ ಓದಿ, ಕೇಳಿ, ತಿದ್ದಿ. ಕೆಟ್ಟ ಪುಟ ಬಂದ ದಿನವೂ ಲೆಕ್ಕಕ್ಕೆ ಸೇರಲಿ. ಒಂದು ಊರಿನಲ್ಲಿ ಆಟ ಕಳೆಗಟ್ಟಲಿಲ್ಲವೆಂದು ಮೇಳ ಮರುದಿನದ ಆಟ ಬಿಡುವುದಿಲ್ಲ. ಪುಟಗಳು ಒಳ್ಳೆಯವೋ ಅಲ್ಲವೋ ಎಂಬ ವಿಚಾರಣೆಯನ್ನು ನಿಮ್ಮ ತಿರುಗಾಟ ಮುಗಿದ ಮೇಲೆ, ಇಡೀ ಕಟ್ಟನ್ನು ಮುಂದಿಟ್ಟುಕೊಂಡು ಮಾಡಿ. ಅಲ್ಲಿಯವರೆಗೆ ಒಂದೇ ನಿಯಮ ಸಾಕು: ಪ್ರತಿದಿನ ಬರೆದು ಏಳುವ ಮುಂಚೆ ನಾಳೆ ಎಲ್ಲಿಂದ ಶುರು ಮಾಡುವುದೆಂದು ಅರ್ಧ ಸಾಲು ಬರೆದಿಡಿ.