ಅಮೆರಿಕದಿಂದ ಊರಿಗೆ ಮರಳುವ ಹಿರಿಯರು ಮತ್ತು ಮೆಡಿಕೇರ್

ಅಮೆರಿಕದಲ್ಲಿ ದುಡಿದು, ನಿವೃತ್ತಿಯ ನಂತರ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಗೆ ಮರಳುವ ಹಿರಿಯರು ನಮ್ಮ ಸಮಾಜದಲ್ಲೂ ಇದ್ದಾರೆ. ಅಲ್ಲಿಯ ಮೆಡಿಕೇರ್ ಇಲ್ಲಿ ನಡೆಯುತ್ತದೆಯೇ ಎಂಬುದು ಅವರ ಮೊದಲ ಪ್ರಶ್ನೆ. ನಡೆಯುವುದಿಲ್ಲ. ಕೆಲವೇ ವಿಶೇಷ ಸಂದರ್ಭಗಳನ್ನು ಬಿಟ್ಟರೆ ಅಮೆರಿಕದ ಹೊರಗಿನ ಚಿಕಿತ್ಸೆಗೆ ಅದು ಹಣ ಕೊಡುವುದಿಲ್ಲ. ಹಾಗಾದರೆ ಬಿಡಬೇಕೇ, ಇಟ್ಟುಕೊಳ್ಳಬೇಕೇ?

ಮೆಡಿಕೇರ್ ಎಂದರೆ ಮುಖ್ಯವಾಗಿ 65 ತುಂಬಿದವರಿಗೆ ಅಲ್ಲಿಯ ಸರ್ಕಾರ ನಡೆಸುವ ಆರೋಗ್ಯ ವಿಮೆ. ಅದರ ಭಾಗ ಎ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಗಂಡ ಹೆಂಡತಿಯಲ್ಲಿ ಒಬ್ಬರು ಒಟ್ಟು 10 ವರ್ಷ ಅಲ್ಲಿಯ ತೆರಿಗೆ ಕಟ್ಟಿ ದುಡಿದಿದ್ದರೆ ಇದಕ್ಕೆ ತಿಂಗಳ ಕಂತು ಇಲ್ಲ. ಖರ್ಚಿಲ್ಲದ್ದು, ಇರಲಿ ಬಿಡಿ.

ಲೆಕ್ಕ ಹಾಕಬೇಕಾದದ್ದು ಭಾಗ ಬಿ ಬಗ್ಗೆ. ಇದು ವೈದ್ಯರ ಶುಲ್ಕ, ಪರೀಕ್ಷೆ ಇತ್ಯಾದಿಗಳಿಗೆ. 2025ರಲ್ಲಿ ಇದರ ಸಾಮಾನ್ಯ ಕಂತು ತಿಂಗಳಿಗೆ 185 ಡಾಲರ್. ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಬರುತ್ತಿದ್ದರೆ ಅದರಲ್ಲೇ ಮುರಿದುಕೊಳ್ಳುತ್ತಾರೆ. ಇದನ್ನು ಬಿಟ್ಟು ಮುಂದೆ ಮತ್ತೆ ಸೇರಿದರೆ, ಬಿಟ್ಟಿದ್ದ ಪ್ರತಿ ಪೂರ್ಣ 12 ತಿಂಗಳಿಗೆ ಶೇ. 10ರಷ್ಟು ದಂಡ ಬೀಳುತ್ತದೆ. ಅದೂ ಒಮ್ಮೆ ಕಟ್ಟಿ ಮುಗಿಸುವ ದಂಡವಲ್ಲ, ಜೀವನಪರ್ಯಂತ ಕಂತಿನ ಜೊತೆ ಬರುತ್ತದೆ.

ಅಂಗಡಿಯ ಲೆಕ್ಕದಲ್ಲೇ ನೋಡೋಣ. ಐದು ವರ್ಷ ಊರಲ್ಲಿದ್ದು ಭಾಗ ಬಿ ಕಟ್ಟದಿದ್ದರೆ 2025ರ ದರದಲ್ಲಿ ಉಳಿಯುವುದು 11,100 ಡಾಲರ್. ಮರಳಿ ಹೋದಾಗ ದಂಡ ಶೇ. 50, ಅಂದರೆ ತಿಂಗಳಿಗೆ 92.50, ವರ್ಷಕ್ಕೆ 1,110. ಉಳಿಸಿದ್ದು ಕರಗಲು ಸರಿಯಾಗಿ ಹತ್ತು ವರ್ಷ ಬೇಕು! ಬರೀ ಹಣದ ಮಾತಾದರೆ ದಂಡಕ್ಕೆ ಅಷ್ಟು ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಕಾಯುವ ಅವಧಿಗೆ. ಹೀಗೆ ಬಿಟ್ಟವರು ಮತ್ತೆ ಸೇರಲು ಸಾಮಾನ್ಯವಾಗಿ ಜನವರಿ 1ರಿಂದ ಮಾರ್ಚ್ 31ರವರೆಗೆ ಮಾತ್ರ ಅವಕಾಶ. ಏಪ್ರಿಲ್‌ನಲ್ಲಿ ಎದೆನೋವು ಬಂದು ಮಕ್ಕಳು ಕರೆಸಿಕೊಂಡರೆ, ಮುಂದಿನ ಜನವರಿಯವರೆಗೆ ಭಾಗ ಬಿ ಇಲ್ಲ. ಅಲ್ಲಿಯ ವೈದ್ಯರ ಬಿಲ್ಲು ಎಷ್ಟೆಂದು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಆದ್ದರಿಂದ ಕಾಯಿಲೆ ಬಂದರೆ ಮಕ್ಕಳ ಬಳಿಗೇ ಹೋಗುವವರು ಕಂತು ಕಟ್ಟುತ್ತಿರುವುದು ಒಳ್ಳೆಯದು. ಏನಾದರೂ ಇಲ್ಲೇ ಎಂದು ಗಟ್ಟಿಮನಸ್ಸು ಮಾಡಿದವರು ಬಿಡಬಹುದು.

ಇನ್ನೂ ಉದ್ಯೋಗದಲ್ಲಿದ್ದು ಕಂಪನಿಯ ವಿಮೆ ಇರುವವರಿಗೆ ನಿಯಮ ಬೇರೆ. ಕೆಲಸ ಅಥವಾ ಆ ವಿಮೆ ನಿಂತ ಮೇಲೆ ದಂಡವಿಲ್ಲದೆ ಸೇರಲು 8 ತಿಂಗಳು ಸಿಗುತ್ತದೆ.

ಎರಡರಲ್ಲಿ ಯಾವುದೇ ದಾರಿ ಹಿಡಿದರೂ ಇಲ್ಲಿಯ ವಿಮೆ ಬೇಕೇ ಬೇಕು, ಬಂದ ಮೇಲೆ ನೋಡೋಣ ಎನ್ನಬೇಡಿ. 65 ದಾಟಿದವರೂ ಪಾಲಿಸಿ ಕೇಳಬಹುದು. ಆದರೆ ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದರೆ ಅವಕ್ಕೆ ರಕ್ಷಣೆ ಸಿಗಲು 3 ವರ್ಷದವರೆಗೆ ಕಾಯಿಸಬಹುದು. ಮರಳುವ ಎರಡು ಮೂರು ವರ್ಷ ಮೊದಲೇ ಇಲ್ಲಿ ಪಾಲಿಸಿ ಮಾಡಿಸಿದರೆ ಆ ಕಾಲ ಅಲ್ಲೇ ಕಳೆಯುತ್ತದೆ. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬಾರದು, ಕ್ಲೇಮು ತಿರಸ್ಕಾರವಾಗುವುದು ಅಲ್ಲಿಯೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಕೂಡ ಇಲ್ಲ.

ಭಾರತದಲ್ಲಿ ನೆಲೆಸಿದವರ ಸೋಷಿಯಲ್ ಸೆಕ್ಯುರಿಟಿ ಕೆಲಸಗಳನ್ನು ನೋಡುವುದು ಫಿಲಿಪೀನ್ಸ್‌ನ ಮನಿಲಾದಲ್ಲಿರುವ ಅಮೆರಿಕ ರಾಯಭಾರ ಕಚೇರಿಯ ವಿಭಾಗ. ವಿಳಾಸ ಬದಲಾವಣೆಯನ್ನು ಹೊರಡುವ ಮುಂಚೆಯೇ ತಿಳಿಸಿ ಬನ್ನಿ.